ಮೂರನೇ ತುತ್ತಿನ ತನಕ

ನಮ್ಮ ಜಿಗಣಿಯಿಂದ ಬಾಗಲೂರು ಕಡೆಯ ಸಾತನೂರಿಗೆ ಹೋಗಬೇಕೆಂದರೆ ಬೆಂಗಳೂರನ್ನು ತೆಂಕಣ ತುದಿಯಿಂದ ಬಡಗಣ ತುದಿಗೆ ದಾಟಬೇಕು. ಒಂದು ಊಟಕ್ಕೆ ಇಷ್ಟು ದೂರವೇ ಎಂದು ಕೇಳುವವರಿದ್ದಾರೆ. ತೋಟದ ನಡುವೆಯೇ ಒಲೆ ಉರಿಯುತ್ತಿದ್ದರೆ ಹೋಗಲೇಬೇಕು ಎನ್ನುವವನು ನಾನು.

ಅಲ್ಲಿರುವ ಫಾರ್ಮ್‌ಲೋರ್ 37 ಎಕರೆ ಜಮೀನಿನೊಳಗಿನ ಊಟದ ಮನೆ. ಒಂದು ಹೊತ್ತಿಗೆ 18 ಜನಕ್ಕಷ್ಟೇ ಜಾಗ. ಬಾಣಸಿಗ ಜಾನ್ಸನ್ ಎಬನೇಜರ್ ಮತ್ತು ಸಂಗಡಿಗರು ಮಾವಿನ ಸೌದೆಯ ಬೆಂಕಿಯಲ್ಲಿ ಬೇಯಿಸುತ್ತಾರೆ. ಏಷ್ಯಾದ ಉತ್ತಮ ರೆಸ್ಟೋರೆಂಟುಗಳ 2025ರ ವಿಸ್ತೃತ ಪಟ್ಟಿಯಲ್ಲಿ ಅದಕ್ಕೆ 68ನೇ ಸ್ಥಾನ ಸಿಕ್ಕಿತು.

ಅಲ್ಲಿ ಬಡಿಸುವುದು ಟೇಸ್ಟಿಂಗ್ ಮೆನು, ಅಂದರೆ ಒಂದರ ಹಿಂದೊಂದು ಬರುವ ಸಣ್ಣ ತಟ್ಟೆಗಳ ಸರದಿ. ಆಯ್ಕೆ ಬಾಣಸಿಗರದು, ತಿನ್ನುವುದಷ್ಟೇ ನಮ್ಮದು. ತಟ್ಟೆಯಲ್ಲಿ ಇಷ್ಟೇ ಇಷ್ಟು ಬಡಿಸುತ್ತಾರೆಂದು ಗೊಣಗಬೇಡಿ. ಯಾವ ರುಚಿಯೂ ಮೊದಲ ಎರಡು ಮೂರು ತುತ್ತಿನಲ್ಲಿ ಇದ್ದಷ್ಟು ಚುರುಕಾಗಿ ಆಮೇಲೆ ಇರುವುದಿಲ್ಲ. ನಾಲಗೆ ಅದಕ್ಕೆ ಒಗ್ಗಿಬಿಡುತ್ತದೆ. ಒಗ್ಗುವ ಮೊದಲೇ ತಟ್ಟೆ ಎತ್ತುವುದು, ಜಿಡ್ಡಿನ ಬೆನ್ನಿಗೆ ಹುಳಿ ತರುವುದು, ನಡುವೆ ಉಸಿರಾಡಲು ಬಿಡುವು ಕೊಡುವುದು: ಜಾಣ್ಮೆಯೆಲ್ಲ ಈ ಸರದಿಯಲ್ಲಿದೆ. ಹೋಳಿಗೆ, ತುಪ್ಪ ಉಂಡ ಮೇಲೆ ಮಜ್ಜಿಗೆ ಬಯಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊಟವನ್ನು ಕಲೆಯಾಗಿ ಕಾಣುವುದೂ ನಮಗೆ ಹೊಸದಲ್ಲ: ಕಲ್ಯಾಣ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ 1129ರ ‘ಮಾನಸೋಲ್ಲಾಸ’ ಗ್ರಂಥದಲ್ಲಿ ಅನ್ನಭೋಗಕ್ಕೆಂದೇ ಒಂದು ಭಾಗ ಮೀಸಲಿಟ್ಟ.

ಇಂಥ ಅಡುಗೆಮನೆಗಳನ್ನು ನಾನು ಹೊರದೇಶದ ಅಣಬೆಯಿಂದ ಅಳೆಯುವುದಿಲ್ಲ, ಅವರೆಕಾಯಿಯಿಂದ ಅಳೆಯುತ್ತೇನೆ. ಜಿಗಣಿಯಲ್ಲಿ ಈಗ ಗ್ರಾನೈಟ್ ಕೊಯ್ಯುವ ಯಂತ್ರಗಳದೇ ಸದ್ದು. ಆದರೂ ಆನೇಕಲ್ ಸೀಮೆಯ ರಾಗಿ ಹೊಲದ ಅಕ್ಕಡಿ ಸಾಲಿನ ಅವರೆ ಇನ್ನೂ ನಮ್ಮದೇ. ಚಳಿ ಬಿದ್ದು ಇಬ್ಬನಿ ಕುಡಿದ ಕಾಯಿಯ ಸೊಗಡು ಕೈ ತೊಳೆದರೂ ಹೋಗದು. ಕಾಳು ನೆನೆಸಿ, ಒಂದೊಂದಾಗಿ ಹಿತುಕಿ, ಆ ಬೇಳೆಯ ಸಾರನ್ನು ಮುದ್ದೆಯ ಜೊತೆ ಉಂಡವರಿಗೆ ಅದರ ಬೆಲೆ ಗೊತ್ತು. ಅದನ್ನು ಕ್ರೀಮಿನಲ್ಲಿ ಮುಳುಗಿಸಿ ಸೊಗಡು ಕಳೆದರೆ, ತಟ್ಟೆ ಎಷ್ಟೇ ಚೆಂದವಿರಲಿ, ಆ ಅಡುಗೆಯನ್ನು ನಾನು ಒಪ್ಪಲಾರೆ.

ಇಂಥ ಊಟಕ್ಕೆ ಹೊರಟ ದಿನ ಮಧ್ಯಾಹ್ನ ಹಗುರಾಗಿ ಉಣ್ಣಿ. ಸೆಂಟು ಹಾಕಿಕೊಳ್ಳಬೇಡಿ, ಅರ್ಧ ರುಚಿ ಮೂಗಿನದು. ಒಗ್ಗದ ಪದಾರ್ಥಗಳನ್ನು ಬುಕ್ ಮಾಡುವಾಗಲೇ ತಿಳಿಸಿ. ಡಿಸೆಂಬರ್, ಜನವರಿಯಲ್ಲಿ ಹೋದರೆ, ಅವರೆ ಉಂಟೇ, ಯಾವ ಊರಿನ ಹೊಲದ್ದು ಎಂದು ಬಡಿಸುವವರನ್ನು ದಯವಿಟ್ಟು ಕೇಳಿ.