ಬೇತಾಳನೂ ಕಾಷ್ಮೋರನೂ

ಹಳೆಯ ‘ಚಂದಮಾಮ’ಗಳನ್ನು ಬೈಂಡು ಮಾಡಿಸಿಡುವ ಹುಚ್ಚು ಗುಬ್ಬಿಯ ನಮ್ಮಂಥ ಟೀಚರುಗಳಿಗೂ ಉಂಟು. ನನಗೆ ಬೇತಾಳನ ಕಥೆಗಿಂತ ಶಂಕರ್ ಬರೆದ ಚಿತ್ರವೇ ಹೆಚ್ಚು. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಸುತ್ತ ಸ್ಮಶಾನ. ಆದರೂ ವಿಕ್ರಮನ ಮುಖದಲ್ಲಿ ದಿಗಿಲಿಲ್ಲ. 1952ರಲ್ಲಿ ಚಂದಮಾಮ ಸೇರಿ 2020ರಲ್ಲಿ ತೀರಿಕೊಂಡ ಈ ಕಲಾವಿದರು ಮಕ್ಕಳನ್ನು ಹೆದರಿಸಿದರೂ ನಿದ್ದೆ ಕೆಡಿಸಲಿಲ್ಲ. ಬೇತಾಳ ಕೊನೆಗೆ ಕೇಳುವುದು ನ್ಯಾಯದ ಪ್ರಶ್ನೆಯನ್ನೇ ಅಲ್ಲವೇ?

ಅದೇ ಕಪಾಟಿನಲ್ಲಿ ಯಂಡಮೂರಿಯವರ ‘ತುಳಸಿದಳ’ವೂ ಇದೆ. ಒಲೆಯ ಮೇಲಿನ ಹಾಲು ಉಕ್ಕಿದರೂ ಕೆಳಗಿಡಲಾಗದ ಪುಸ್ತಕ, ನಿಜ. ಆದರೆ ಕಾಷ್ಮೋರ ಬಂದೆರಗುವುದು ಎಳೆಯ ಹುಡುಗಿಯ ಮೇಲೆ. ಮಗುವಿಗೆ ಜ್ವರ ಬಂದರೆ ಆಸ್ಪತ್ರೆ ಬಿಟ್ಟು ಪಕ್ಕದ ಮನೆಯ ವಿಧವೆಯತ್ತ ಬೆರಳು ತೋರಿಸುವ ಕಡೆ ಇದು ಬರೀ ಕಥೆಯಾಗಿ ಉಳಿಯುವುದಿಲ್ಲ. 2017ರಲ್ಲಿ ಕರ್ನಾಟಕ ಮಾಟ-ಮಂತ್ರದ ವಿರುದ್ಧ ಕಾಯಿದೆಯನ್ನೇ ಮಾಡಬೇಕಾಯಿತು. ಹುಡುಗಿಯರು ಕೇಳಿದರೆ ಎರಡನ್ನೂ ಕೊಡುತ್ತೇನೆ, ಬೇತಾಳನನ್ನು ಮೊದಲು.