ಡಿ ಡ್ರೈವಿನ ಮೇಲಿಟ್ಟ ನಂಬಿಕೆ

ಕಂಪ್ಯೂಟರ್ ನಿಧಾನವಾಯಿತು, ವೈರಸ್ ಹೊಕ್ಕಿತು, ಆನ್ ಮಾಡಿದರೆ ನೀಲಿ ಪರದೆ ಬಂತು. ಕಾರಣ ಯಾವುದೇ ಇರಲಿ, ನಮ್ಮಲ್ಲಿ ಪರಿಹಾರ ಒಂದೇ: ಫಾರ್ಮ್ಯಾಟ್ ಹೊಡೆಸುವುದು. ಬೆಂಗಳೂರಿನ ಎಸ್.ಪಿ. ರೋಡಿನಿಂದ ಹಿಡಿದು ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿಯವರೆಗೆ ಈ ಕೆಲಸಕ್ಕೆ ಒಂದು ರೂಢಿ ಬೆಳೆದುಬಂದಿದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಂಬ ನಾಲ್ಕು ಫೋಲ್ಡರುಗಳನ್ನು ಡಿ ಡ್ರೈವಿಗೆ ಎಳೆದು ಹಾಕುವುದು, ಸಿ ಡ್ರೈವನ್ನು ಅಳಿಸುವುದು, ಹೊಸ ವಿಂಡೋಸ್ ಹಾಕುವುದು. ಇದಕ್ಕೇ ಬ್ಯಾಕಪ್ ಎಂದು ಹೆಸರು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ಹತ್ತು ವರ್ಷದ ಫೋಟೊ, ಲೆಕ್ಕ, ಪತ್ರಗಳನ್ನು ಹೊಟ್ಟೆಯಲ್ಲಿಟ್ಟುಕೊಂಡ ಹಳೆಯ ಯಂತ್ರಗಳೆಲ್ಲ ಇಂದಲ್ಲ ನಾಳೆ ಈ ಕೆಲಸಕ್ಕೆ ಒಡ್ಡಿಕೊಳ್ಳಲೇಬೇಕು. ಹಾಗಾಗಿ ಈ ರೂಢಿ ಎಷ್ಟು ಗಟ್ಟಿ ಎಂದು ಪರೀಕ್ಷಿಸಲು ಇದು ತಕ್ಕ ಹೊತ್ತು.

ರೂಢಿ ಹುಟ್ಟಿದ್ದಕ್ಕೆ ಒಳ್ಳೆಯ ಕಾರಣವೇ ಇತ್ತು. ವಿಂಡೋಸ್ 98, ಎಕ್ಸ್‌ಪಿ ಕಾಲದಲ್ಲಿ ಆಪರೇಟಿಂಗ್ ಸಿಸ್ಟಮ್ ಪದೇ ಪದೇ ಕೆಡುತ್ತಿತ್ತು. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಸಾಮಾನ್ಯರ ಕೈಗೆಟುಕುವ ವಸ್ತುವಾಗಿರಲಿಲ್ಲ. ಇದ್ದ ಒಂದೇ ಡಿಸ್ಕನ್ನು ಎರಡು ಪಾಲು ಮಾಡಿ, ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಸ್ವಂತ ಫೈಲುಗಳು ಎಂದು ಬೇರ್ಪಡಿಸಿದ ಮೆಕ್ಯಾನಿಕ್ಕುಗಳು ಆ ಕಾಲಕ್ಕೆ ಜಾಣತನವನ್ನೇ ತೋರಿದರು. ಆದರೆ ಈ ವ್ಯವಸ್ಥೆ ಕಾಯುವುದು ಒಂದೇ ಒಂದು ಅಪಾಯದಿಂದ, ವಿಂಡೋಸ್ ಕೆಡುವುದರಿಂದ. ಸಿ ಮತ್ತು ಡಿ ಒಂದೇ ಮನೆಯ ಎರಡು ಕೋಣೆಗಳು; ಮನೆಗೇ ಬೆಂಕಿ ಬಿದ್ದಾಗ ಪಕ್ಕದ ಕೋಣೆಯಲ್ಲಿಟ್ಟ ಪೆಟ್ಟಿಗೆ ಉಳಿಯುವುದಿಲ್ಲ. ಡಿಸ್ಕ್ ಸತ್ತರೆ ಎರಡೂ ಹೋಗುತ್ತವೆ.

ಇನ್ಸ್ಟಾಲ್ ಮಾಡುವ ಹೊತ್ತಿನಲ್ಲೇ ಇನ್ನೊಂದು ಅಪಾಯ ಕಾದಿರುತ್ತದೆ. ವಿಂಡೋಸ್ ಎಲ್ಲಿ ಹಾಕಬೇಕು ಎಂದು ಕೇಳುವ ಪರದೆಯಲ್ಲಿ ಸಿ, ಡಿ ಎಂಬ ಅಕ್ಷರಗಳು ಕಾಣುವುದಿಲ್ಲ. ಡ್ರೈವ್ 0, ಪಾರ್ಟಿಷನ್ 1, 2, 3 ಎಂದಷ್ಟೇ ಇರುತ್ತದೆ. ಯಾವುದು ಯಾವುದೆಂದು ಗಾತ್ರ ನೋಡಿ ಅಂದಾಜಿಸಬೇಕು. ಎರಡೂ ಪಾಲು ಹೆಚ್ಚುಕಡಿಮೆ ಒಂದೇ ಗಾತ್ರದ್ದಾಗಿದ್ದು, ಅಂಗಡಿಯಲ್ಲಿ ಗಿರಾಕಿಗಳು ಸಾಲಾಗಿ ನಿಂತಿದ್ದರೆ, ಒಂದು ತಪ್ಪು ಕ್ಲಿಕ್ಕಿಗೆ ಎಷ್ಟು ಹೊತ್ತು ಬೇಕು? ಹಳೆಯ ತಿರುಗುವ ಹಾರ್ಡ್ ಡಿಸ್ಕಿನಲ್ಲಾದರೆ ಕ್ವಿಕ್ ಫಾರ್ಮ್ಯಾಟ್ ಆದ ಮೇಲೂ, ಅದರ ಮೇಲೆ ಬೇರೇನೂ ಬರೆಯದಿದ್ದರೆ, ರಿಕವರಿ ಸಾಫ್ಟ್‌ವೇರ್ ಏನಾದರೂ ಹೆಕ್ಕಿ ಕೊಟ್ಟೀತು. ಎಸ್‌ಎಸ್‌ಡಿಯಲ್ಲಿ ಆ ಆಸೆಯೂ ಬೇಡ. ಅಳಿಸಿದ ಜಾಗ ಖಾಲಿಯಾಗಿದೆ ಎಂದು ವಿಂಡೋಸ್ ಟ್ರಿಮ್ ಎಂಬ ಸೂಚನೆ ಕಳಿಸುತ್ತದೆ, ಡಿಸ್ಕ್ ತಾನೇ ಅದನ್ನು ಒಳಗಿಂದ ಒರೆಸಿಹಾಕುತ್ತದೆ. ಹೋದದ್ದು ಹೋಯಿತು.

ಮೂರನೆಯದು ಹೊಸ ಕಾಲದ ತೊಡಕು, ಬಹಳ ಮಂದಿಗೆ ಇನ್ನೂ ಗೊತ್ತಿಲ್ಲದ್ದು. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ, ಯಂತ್ರಕ್ಕೆ ತಕ್ಕ ಹಾರ್ಡ್‌ವೇರ್ ಇದ್ದಲ್ಲಿ, ಡಿವೈಸ್ ಎನ್‌ಕ್ರಿಪ್ಷನ್ ತಾನಾಗಿಯೇ ಶುರುವಾಗುತ್ತದೆ. ಅದು ಡಿ ಡ್ರೈವಿಗೂ ಬೀಗ ಹಾಕುತ್ತದೆ. ದಿನವೂ ಆ ಬೀಗ ನಮಗೆ ಕಾಣದಂತೆ ತೆರೆದುಕೊಳ್ಳುತ್ತಿರುತ್ತದೆ, ಏಕೆಂದರೆ ಅದನ್ನು ತೆರೆಯುವ ಏರ್ಪಾಡು ಸಿ ಡ್ರೈವಿನಲ್ಲಿರುವ ವಿಂಡೋಸಿನ ಕೈಯಲ್ಲಿದೆ. ಸಿ ಅಳಿಸಿದ ಮೇಲೆ ಡಿ ಡ್ರೈವ್ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ ನಿಜ. ಆದರೆ ಲ್ಯಾಪ್‌ಟಾಪ್ ಕೊಂಡ ದಿನ ಯಾರೋ ಯಾವುದೋ ಇಮೇಲ್ ಹಾಕಿ ಖಾತೆ ತೆರೆದು ಕೊಟ್ಟಿದ್ದರೆ, ಅದರ ಪಾಸ್‌ವರ್ಡ್ ಮನೆಯಲ್ಲಿ ಯಾರಿಗೂ ನೆನಪಿಲ್ಲದಿದ್ದರೆ, ಜೋಪಾನವಾಗಿ ಪಕ್ಕಕ್ಕೆ ಸರಿಸಿಟ್ಟ ಫೈಲುಗಳು ಕಣ್ಣೆದುರೇ ಇದ್ದೂ ಇಲ್ಲವಾಗುತ್ತವೆ. ಡಿ ಡ್ರೈವಿನ ರೂಢಿಯನ್ನು ಕೈಬಿಡಲು ಇದೊಂದೇ ಕಾರಣ ಸಾಕು.

ಎಲ್ಲಿಗೆ ನಕಲು ಮಾಡುತ್ತೇವೆ ಎನ್ನುವುದಕ್ಕಿಂತ ಏನನ್ನು ನಕಲು ಮಾಡುತ್ತೇವೆ ಎಂಬಲ್ಲಿ ಈ ರೂಢಿ ಇನ್ನೂ ದೊಡ್ಡದಾಗಿ ಎಡವುತ್ತದೆ. ಆ ನಾಲ್ಕು ಫೋಲ್ಡರುಗಳಲ್ಲಿ ನಮ್ಮ ಬದುಕೆಲ್ಲ ಇದೆ ಎಂದು ಅದು ನಂಬಿದೆ. ಇಲ್ಲ. ಊರಿನ ಒಂದು ಸಾಧಾರಣ ಕಿರಾಣಿ ಅಂಗಡಿಯ ಕಂಪ್ಯೂಟರನ್ನೇ ತೆಗೆದುಕೊಳ್ಳಿ. ಅದರಲ್ಲಿ ಬೆಲೆಬಾಳುವ ವಸ್ತು ಟ್ಯಾಲಿ ಲೆಕ್ಕ. ಈ ಸಾಫ್ಟ್‌ವೇರ್ ನಮ್ಮ ಬೆಂಗಳೂರಿನ ಕಂಪನಿಯದೇ. ಬದಲಿಸದೆ ಬಿಟ್ಟರೆ ಟ್ಯಾಲಿಪ್ರೈಮ್ ತನ್ನ ದತ್ತಾಂಶವನ್ನು ಸಿ ಡ್ರೈವಿನ ಯೂಸರ್ಸ್ ಒಳಗಿನ ಪಬ್ಲಿಕ್ ಎಂಬ ಫೋಲ್ಡರಿನಲ್ಲಿಡುತ್ತದೆ. ಅಲ್ಲಿ ಕಂಪನಿಯ ಹೆಸರಿನ ಬದಲು ಬರೀ ಅಂಕಿಗಳ ಹೆಸರಿನ ಫೋಲ್ಡರುಗಳು ಇರುತ್ತವೆ. ಡಾಕ್ಯುಮೆಂಟ್ಸ್ ಮಾತ್ರ ಎಳೆದು ಹಾಕುವ ಹುಡುಗ ಅದನ್ನು ನೋಡುವುದಿಲ್ಲ, ನೋಡಿದರೂ ಏನೋ ಕಸವೆಂದು ಬಿಡುತ್ತಾನೆ. ವರ್ಷಗಳ ಜಿಎಸ್‌ಟಿ ಲೆಕ್ಕ ಹೋಗುವುದು ಹೀಗೆ. ಟ್ಯಾಲಿಯೊಳಗೇ ಆಲ್ಟ್ ಮತ್ತು ವೈ ಒತ್ತಿದರೆ ಡೇಟಾ ಮೆನುವಿನಲ್ಲಿ ಬ್ಯಾಕಪ್ ಸಿಗುತ್ತದೆ. ಅದನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಲು ಚಹಾ ಕುಡಿಯುವಷ್ಟು ಹೊತ್ತೂ ಬೇಡ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಬೇರೆಯೇ ಒಂದು ಸಂಕಟವಿದೆ. ಕನ್ನಡ ಗಣಕ ಪರಿಷತ್ತಿನ ನುಡಿ, ಜೊತೆಗೆ ಬರಹ, ಶ್ರೀಲಿಪಿ ಎಂಬ ಸಾಫ್ಟ್‌ವೇರುಗಳಲ್ಲಿ ಯೂನಿಕೋಡ್‌ಗೆ ಮುಂಚಿನ ವಿಧಾನದಲ್ಲಿ ಟೈಪಿಸಿದ ಫೈಲುಗಳು ಲೆಕ್ಕವಿಲ್ಲದಷ್ಟಿವೆ: ಪಂಚಾಯಿತಿಯ ನಡಾವಳಿಗಳು, ಸಂಘದ ವಾರ್ಷಿಕ ವರದಿಗಳು, ಕಥೆ, ಕವನ, ಪಿಎಚ್‌ಡಿ ಪ್ರಬಂಧಗಳು. ಆ ಫೈಲಿನೊಳಗೆ ಇರುವುದು ರೋಮನ್ ಸಂಕೇತಗಳು. ಅವುಗಳಿಗೆ ಕನ್ನಡದ ರೂಪ ಕೊಡುವುದು ಫಾಂಟ್. ಫಾಂಟ್ ಇರುವುದು ವಿಂಡೋಸಿನ ಫಾಂಟ್ಸ್ ಫೋಲ್ಡರಿನಲ್ಲಿ, ಅಂದರೆ ಅಳಿಸಿಹೋಗುವ ಜಾಗದಲ್ಲಿ. ಫೈಲು ಉಳಿದರೂ ತೆರೆದಾಗ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಫಾಂಟ್ ಮತ್ತೆ ಹಾಕಿದರೆ ಓದಬಹುದು, ಸರಿ. ಆದರೆ ಯಾವ ಫಾಂಟ್ ಎಂದು ಗೊತ್ತಿರಬೇಕು, ಆ ಹಳೆಯ ಆವೃತ್ತಿ ಕೈಯಲ್ಲಿರಬೇಕು. ಇದೇ ಕಾರಣಕ್ಕೆ ಫೈಲು ಕೆಟ್ಟಿದೆ ಎಂದುಕೊಂಡು ಅಪ್ಪನ ಹಸ್ತಪ್ರತಿಯನ್ನು ಅಳಿಸಿಹಾಕುವ ಮಕ್ಕಳು ಇರಬಹುದೆಂದು ನೆನೆದರೆ ಹೊಟ್ಟೆ ಉರಿಯುತ್ತದೆ. ಡಿಟಿಪಿ ಮಾಡುವವರ ಪಾಡು ಇನ್ನೂ ಕಷ್ಟ. ಪೇಜ್‌ಮೇಕರ್ ಫೈಲು ದೊಡ್ಡ ಚಿತ್ರಗಳನ್ನು ಸಾಮಾನ್ಯವಾಗಿ ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ, ಅವು ಎಲ್ಲಿವೆ ಎಂಬ ದಾರಿಯನ್ನಷ್ಟೇ ಬರೆದಿಟ್ಟುಕೊಳ್ಳುತ್ತದೆ. ಪುಸ್ತಕದ ಫೈಲು ನಕಲಾಗಿ ಚಿತ್ರಗಳ ಫೋಲ್ಡರ್ ಹಿಂದೆ ಉಳಿದರೆ ಮರುಮುದ್ರಣದ ದಿನ ಕೈಕೈ ಹಿಸುಕಿಕೊಳ್ಳಬೇಕು. ಫಾಂಟ್ಸ್ ಫೋಲ್ಡರನ್ನು ಇಡಿಯಾಗಿ ನಕಲು ಮಾಡುವುದು, ಜೊತೆಗೆ ಮುಖ್ಯ ಬರಹಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ ಒಂದು ಪ್ರತಿ, ಪಿಡಿಎಫ್ ಮಾಡಿ ಇನ್ನೊಂದು ಪ್ರತಿ ಇಡುವುದು. ಕನ್ನಡ ಬರಹಗಾರರಿಗೆ ನಾನು ಒತ್ತಿ ಹೇಳುವ ಮಾತು ಇದು.

ಕಣ್ಣಿಗೆ ಬೀಳದ ಆಪ್‌ಡೇಟಾ ಫೋಲ್ಡರ್ ಬೇರೆ ಇದೆ. ಸ್ಟಿಕಿ ನೋಟ್ಸ್‌ನಲ್ಲಿ ಬರೆದಿಟ್ಟ ಫೋನ್ ನಂಬರುಗಳು, ಥಂಡರ್‌ಬರ್ಡ್ ಇಮೇಲ್, ಕ್ರೋಮ್‌ನ ಬುಕ್‌ಮಾರ್ಕುಗಳು ಎಲ್ಲ ಅಲ್ಲೇ. ಕ್ರೋಮ್‌ನಲ್ಲಿ ಉಳಿಸಿದ ಪಾಸ್‌ವರ್ಡುಗಳ ವಿಷಯದಲ್ಲಿ ಫೋಲ್ಡರ್ ನಕಲು ಮಾಡಿದರೂ ಪ್ರಯೋಜನವಿಲ್ಲ. ಅವುಗಳನ್ನು ಆ ಹಳೆಯ ವಿಂಡೋಸ್ ಖಾತೆಗೆ ಕಟ್ಟಿ ಗೂಢಗೊಳಿಸಿರುತ್ತಾರೆ. ಹೊಸ ವಿಂಡೋಸಿನಲ್ಲಿ ಅವು ತೆರೆಯವು. ಅಳಿಸುವ ಮುನ್ನವೇ ಬ್ರೌಸರಿನೊಳಗಿಂದ ಎಕ್ಸ್‌ಪೋರ್ಟ್ ಮಾಡಬೇಕು, ಇಲ್ಲವೇ ಗೂಗಲ್ ಖಾತೆಗೆ ಸಿಂಕ್ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಮೈಕ್ರೋಸಾಫ್ಟ್ ತಾನೇ ಕೊಡುವ ದಾರಿಗಳು ಅಂಗಡಿಯ ಈ ರೂಢಿಗಿಂತ ಮೇಲೇ? ಸ್ವಲ್ಪ ಮಟ್ಟಿಗೆ ಹೌದು. ರೀಸೆಟ್ ದಿಸ್ ಪಿಸಿ ಆಯ್ಕೆಯಲ್ಲಿ 'ಕೀಪ್ ಮೈ ಫೈಲ್ಸ್' ಎಂದು ಒತ್ತಿದರೆ ನಮ್ಮ ಫೈಲುಗಳು ಉಳಿಯುತ್ತವೆ, ತೆಗೆದುಹಾಕಿದ ಪ್ರೋಗ್ರಾಮುಗಳ ಪಟ್ಟಿಯೊಂದನ್ನು ಡೆಸ್ಕ್‌ಟಾಪಿನಲ್ಲಿ ಇಟ್ಟುಕೊಡುವಷ್ಟು ಸೌಜನ್ಯವೂ ಅದಕ್ಕಿದೆ. ಆದರೆ ಆಪ್‌ಡೇಟಾ, ಪ್ರೋಗ್ರಾಮ್ ಫೈಲ್ಸ್‌ನಂಥ ಜಾಗಗಳು ಅದರ ಲೆಕ್ಕದಲ್ಲಿ ನಮ್ಮ ಫೈಲುಗಳಲ್ಲ. ಅಪ್‌ಗ್ರೇಡ್ ಮಾಡಿದಾಗ ಹಳೆಯದೆಲ್ಲ ವಿಂಡೋಸ್ ಡಾಟ್ ಓಲ್ಡ್ ಎಂಬ ಫೋಲ್ಡರಿಗೆ ಸೇರುತ್ತದೆ, 10 ದಿನ ಕಳೆದ ಮೇಲೆ ಅಳಿದುಹೋಗುತ್ತದೆ. ಏನು ಕಾಣೆಯಾಗಿದೆ ಎಂದು ನಮಗೆ ತಿಳಿಯಲು ಅದಕ್ಕಿಂತ ಹೆಚ್ಚು ಕಾಲ ಬೇಕು. ವರ್ಷಕ್ಕೊಮ್ಮೆ ಬೇಕಾಗುವ ಫೈಲು ವರ್ಷಕ್ಕೊಮ್ಮೆಯೇ ನೆನಪಾಗುತ್ತದೆ.

ಯಂತ್ರವೇ ನೋಡಿಕೊಳ್ಳುತ್ತದೆ ಎಂಬ ಭರವಸೆಗೆ 2018ರ ಅಕ್ಟೋಬರ್ ಅಪ್‌ಡೇಟ್ ಒಂದು ಪಾಠ. ವಿಂಡೋಸ್ 10ರ 1809 ಆವೃತ್ತಿಗೆ ಏರಿದ ಕೆಲವರ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳು ಖಾಲಿಯಾದವು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಅಪ್‌ಡೇಟನ್ನು ತಡೆಹಿಡಿದು, ದೋಷ ತಿದ್ದಿ ನವೆಂಬರಿನಲ್ಲಿ ಮತ್ತೆ ಬಿಡುಗಡೆ ಮಾಡಿತು. ಕಾರಣ ಗಮನಿಸಬೇಕಾದದ್ದು. ಡಾಕ್ಯುಮೆಂಟ್ಸ್‌ನಂಥ ಫೋಲ್ಡರುಗಳ ನೆಲೆಯನ್ನು ಬೇರೆ ಜಾಗಕ್ಕೆ, ಉದಾಹರಣೆಗೆ ಡಿ ಡ್ರೈವಿಗೆ, ಬದಲಿಸಿಕೊಂಡು, ಕೆಲವು ಫೈಲುಗಳನ್ನು ಹಳೆಯ ಜಾಗದಲ್ಲೇ ಬಿಟ್ಟಿದ್ದವರಿಗೆ ಇದು ತಟ್ಟಿತು. ಅಪ್‌ಡೇಟ್ ಆ ಹಳೆಯ ಫೋಲ್ಡರನ್ನು ಬೇಡದ್ದೆಂದು ಬಗೆದು ಅಳಿಸಿತ್ತು. ಎಚ್ಚರಿಕೆಯಿಂದ ಡಿ ಡ್ರೈವ್ ಬಳಸಿದವರಿಗೇ ಏಟು ಬಿದ್ದದ್ದು ನನ್ನನ್ನು ಇಂದಿಗೂ ಕಾಡುವ ಸಂಗತಿ.

ಕ್ಲೌಡ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ, ಅದರಲ್ಲೇ ಜಿಮೇಲ್, ಫೋಟೊಗಳೂ ಸೇರಬೇಕು. ಒನ್‌ಡ್ರೈವ್ ಕೊಡುವುದು 5 ಜಿಬಿ. ಮುಖ್ಯ ಕಾಗದಪತ್ರಗಳಿಗೆ ಸಾಕು, ಮದುವೆಯ ವಿಡಿಯೊಗಳಿಗೆ ಸಾಲದು. ಒನ್‌ಡ್ರೈವ್ ಫೋಲ್ಡರಿನಲ್ಲಿ ಮೋಡದ ಗುರುತು ಇರುವ ಫೈಲು ನಿಮ್ಮ ಡಿಸ್ಕಿನಲ್ಲಿ ಇಲ್ಲ, ಹೆಸರು ಮಾತ್ರ ಇದೆ ಎಂಬುದನ್ನು ನೆನಪಿಡಿ. ಇಂಟರ್ನೆಟ್ ಇಲ್ಲದ ಮೇಜಿನ ಮೇಲೆ ಅದನ್ನು ನಕಲು ಮಾಡಲಾಗದು.

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದ 3-2-1 ಸೂತ್ರ ಎಲ್ಲರೂ ಹೇಳುವಂಥದ್ದು: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಲ್ಲೋ ಬೇರೆ ಮನೆಯಲ್ಲೋ. ಸೂತ್ರ ಒಳ್ಳೆಯದೇ. ಆದರೆ ಪ್ರತಿ ತೆರೆಯುತ್ತದೆಯೇ ಎಂಬ ಪ್ರಶ್ನೆಯನ್ನು ಆ ಮೂರು ಅಂಕಿಗಳು ಕೇಳುವುದಿಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಇಂಜಿನಿಯರೊಬ್ಬರ ಕೈಯಿಂದ ಮುಖ್ಯ ಡೇಟಾಬೇಸ್ ಅಳಿಸಿಹೋಯಿತು. ಐದು ಬಗೆಯ ಬ್ಯಾಕಪ್ ಏರ್ಪಾಡುಗಳಿದ್ದೂ ಒಂದೂ ನೆಚ್ಚುವಂತೆ ಕೆಲಸ ಮಾಡುತ್ತಿರಲಿಲ್ಲ ಎಂದು ಕಂಪನಿಯೇ ಬಹಿರಂಗವಾಗಿ ಹೇಳಿಕೊಂಡಿತು. ಉಳಿಸಿದ್ದು ಸುಮಾರು ಆರು ಗಂಟೆ ಹಳೆಯದಾದ ಒಂದು ಪ್ರತಿ. ಸಾಫ್ಟ್‌ವೇರ್ ಮಾಡುವವರಲ್ಲೇ ಹೀಗಾದರೆ, ನಕಲಿನ ನಡುವೆ ಬಂದ ಎಚ್ಚರಿಕೆಗೆ 'ಸ್ಕಿಪ್' ಒತ್ತಿ ಮುಂದೆ ಹೋಗುವ ನಮ್ಮ ಅಭ್ಯಾಸ ಎಲ್ಲಿ ನಿಲ್ಲುತ್ತದೆ? ಆ ಎಚ್ಚರಿಕೆಗಳು ಸುಮ್ಮನೆ ಬರುವುದಿಲ್ಲ. ಫ್ಯಾಟ್32 ಮಾದರಿಯ ಪೆನ್‌ಡ್ರೈವ್ 4 ಜಿಬಿಗಿಂತ ದೊಡ್ಡ ಫೈಲನ್ನು ಒಪ್ಪುವುದಿಲ್ಲ. ಫೋಲ್ಡರಿನೊಳಗೆ ಫೋಲ್ಡರ್ ಸೇರಿ ಹೆಸರು 260 ಅಕ್ಷರ ದಾಟಿದರೆ ಎಕ್ಸ್‌ಪ್ಲೋರರ್ ತಕರಾರು ಮಾಡುತ್ತದೆ. ವಿಂಡೋಸ್ ಜೊತೆಗೇ ಬರುವ ರೋಬೊಕಾಪಿ ಎಂಬ ಸಾಧನ ಕೊನೆಯಲ್ಲಿ ಎಷ್ಟು ಫೈಲು ನಕಲಾಯಿತು, ಎಷ್ಟು ವಿಫಲವಾಯಿತು ಎಂಬ ಲೆಕ್ಕ ಕೊಡುತ್ತದೆ. ನೋಡಲು ಒರಟು, ಆದರೆ ಪ್ರಾಮಾಣಿಕ. ದಿನವೂ ಈ ಕೆಲಸ ಮಾಡುವ ಅಂಗಡಿಗಳು ಅದನ್ನೇಕೆ ಬಳಸುವುದಿಲ್ಲವೋ ತಿಳಿಯದು.

ಎಲ್ಲ ದಾರಿಗಳನ್ನು ತೂಗಿ ನೋಡಿದರೆ ನನ್ನ ಮತ ಒಂದಕ್ಕೆ: ಹಳೆಯ ಡಿಸ್ಕನ್ನು ಮುಟ್ಟದಿರುವುದು. ಹಳೆಯ ಲ್ಯಾಪ್‌ಟಾಪುಗಳಿಗೆ ಹೇಗೂ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸುತ್ತೇವೆ. ಹೊಸ ವಿಂಡೋಸನ್ನು ಆ ಹೊಸ ಡಿಸ್ಕಿನ ಮೇಲೆ ಹಾಕಿಸಿ, ಹಳೆಯದನ್ನು ಯುಎಸ್‌ಬಿ ಕೇಸಿನಲ್ಲಿ ಕೂರಿಸಿ ಕನಿಷ್ಠ ಒಂದು ಆರ್ಥಿಕ ವರ್ಷ ಹಾಗೇ ಇಡಬೇಕು. ಟ್ಯಾಲಿ, ಫಾಂಟ್, ಆಪ್‌ಡೇಟಾ, ಮರೆತದ್ದು, ಗೊತ್ತೇ ಇಲ್ಲದ್ದು ಎಲ್ಲವೂ ಅದರಲ್ಲಿ ಇದ್ದ ಹಾಗೆಯೇ ಇರುತ್ತದೆ. ಎನ್‌ಕ್ರಿಪ್ಷನ್ನಿನ ರಿಕವರಿ ಕೀ ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು, ಬ್ರೌಸರಿನ ಪಾಸ್‌ವರ್ಡುಗಳನ್ನು ಮೊದಲೇ ಹೊರತೆಗೆಯಬೇಕು, ಅಷ್ಟೆ. ಹಳೆಯ ಡಿಸ್ಕಿಗೂ ಮುಪ್ಪು ಬರುತ್ತದಾದ್ದರಿಂದ ಮುಖ್ಯವಾದದ್ದರ ಎರಡನೇ ಪ್ರತಿ ಬೇಕೇ ಬೇಕು. ಡಿಸ್ಕ್ ಬದಲಿಸಲಾಗದಿದ್ದರೆ ಕ್ಲೋನ್‌ಜಿಲ್ಲಾದಂಥ ಉಚಿತ ಸಾಧನದಿಂದ ಇಡೀ ಡಿಸ್ಕಿನ ಇಮೇಜ್ ತೆಗೆದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿಡುವುದು ಎರಡನೆಯ ಉತ್ತಮ ದಾರಿ. ನಾಲ್ಕು ಫೋಲ್ಡರ್ ಎಳೆದು ಹಾಕುವುದು ಇವೆರಡಕ್ಕೂ ಬಹಳ ಕೆಳಗೆ.

ಅಂಗಡಿಯವರಲ್ಲಿ ಒಂದು ಕೋರಿಕೆ: ಗಿರಾಕಿಯ ಫೈಲುಗಳನ್ನು ನಿಮ್ಮ ಡಿಸ್ಕಿಗೆ ಹಾಕಿಕೊಂಡಿದ್ದರೆ ಕೆಲಸ ಮುಗಿದ ಮೇಲೆ ಅವರೆದುರೇ ಅಳಿಸಿ. ಅವು ಒಂದು ಮನೆಯ ಹೆಣ್ಣುಮಕ್ಕಳ ಫೋಟೊಗಳು, ಆಧಾರ್ ಪ್ರತಿಗಳು, ಬ್ಯಾಂಕಿನ ಕಾಗದಗಳು. ಓದುಗರಲ್ಲಿ ಇನ್ನೊಂದು: ನಕಲು ಮುಗಿದ ಮೇಲೆ ಆ ಪೆನ್‌ಡ್ರೈವನ್ನೋ ಡಿಸ್ಕನ್ನೋ ಬೇರೊಂದು ಕಂಪ್ಯೂಟರಿಗೆ ಚುಚ್ಚಿ, ನಿಮ್ಮಲ್ಲಿರುವ ಅತಿ ಹಳೆಯ ಫೋಟೊ, ಅತಿ ದೊಡ್ಡ ವಿಡಿಯೊ, ಕಳೆದುಹೋದರೆ ಮತ್ತೆ ಹುಟ್ಟಿಸಲಾಗದ ಒಂದು ಬರಹ, ಈ ಮೂರನ್ನು ನೀವೇ ತೆರೆದು ನೋಡಿ. ಮೂರೂ ಸರಿಯಾಗಿ ತೆರೆದುಕೊಳ್ಳುವವರೆಗೆ ಫಾರ್ಮ್ಯಾಟ್ ಮಾಡಲು ಯಾರಿಗೂ ಒಪ್ಪಿಗೆ ಕೊಡಬೇಡಿ.