ಒಂದು 'ರು'ವಿನ ಮರ್ಯಾದೆ

ಒಂದೇ ಸಂಗತಿಯನ್ನು ಎರಡು ಸಲ ಹೇಳುವುದು ದಂಡ ಎಂಬ ವಾದವಿದೆ. 'ಹುಡುಗಿಯರು' ಎಂದಾಗಲೇ ಹಲವರೆಂದು ತಿಳಿಯಿತಲ್ಲ, ಮತ್ತೆ 'ಬಂದರು' ಎಂದು ಕ್ರಿಯಾಪದಕ್ಕೂ ಬಹುವಚನ ಏಕೆ? ವಾರ್ಸಾದಲ್ಲಿ ಕಣ್ಣಿನ ವೈದ್ಯರಾಗಿದ್ದ ಝಾಮೆನ್‌ಹೋಫ್ ಅವರು ಮುಂದೆ ಎಸ್ಪೆರಾಂಟೊ ಎಂದು ಹೆಸರಾದ ಹೊಸ ಭಾಷೆಯನ್ನು ಕಟ್ಟಿ 1887ರಲ್ಲಿ ಪ್ರಕಟಿಸಿದಾಗ, ಕ್ರಿಯಾಪದಕ್ಕೆ ವಚನವನ್ನೇ ಇಡಲಿಲ್ಲ. ಮಗು ಬರುತ್ತದೆ ಎನ್ನಲೂ 'ವೆನಾಸ್', ಮಕ್ಕಳು ಬರುತ್ತಾರೆ ಎನ್ನಲೂ 'ವೆನಾಸ್'. ತಮಾಷೆಯೆಂದರೆ ಗುಣವಾಚಕಕ್ಕೆ ಮಾತ್ರ ಬಹುವಚನ ಉಳಿಸಿಕೊಂಡರು! ಒಳ್ಳೆಯ ಮಗು 'ಬೋನಾ', ಒಳ್ಳೆಯ ಮಕ್ಕಳಾದರೆ 'ಬೋನಾಯ್'. ನಮ್ಮಲ್ಲಿ ಒಬ್ಬಳಿಗೂ ಹತ್ತು ಮಂದಿಗೂ ಅದೇ 'ಒಳ್ಳೆಯ' ಸಾಕು. ಅಷ್ಟು ಮಿತವ್ಯಯದ ಮನೆಗೆ ಈ ದುಂದು ಹೇಗೆ ನುಸುಳಿತೋ.

ಇದಕ್ಕೆ ಭಾಷೆಯನ್ನು ಹೊಸದಾಗಿ ಕಟ್ಟಬೇಕೆಂದೂ ಇಲ್ಲ. ನಮ್ಮ ಪಕ್ಕದ ಮಲಯಾಳದಲ್ಲಿ ನಾನು, ಅವನು, ಅವಳು, ಅವರು, ಯಾರು ಬಂದರೂ 'ವನ್ನು'. ಅರ್ಥಕ್ಕೇನೂ ಕೊರತೆಯಾಗಿಲ್ಲ.

ಹಾಗಾದರೆ ಕನ್ನಡದ 'ರು' ದಂಡವೇ? ಎಣಿಕೆಯೊಂದೇ ಅದರ ಕೆಲಸವಾಗಿದ್ದರೆ ಹೌದೆನ್ನುತ್ತಿದ್ದೆ. ಎಣಿಕೆಯಲ್ಲಿ ನಾವು ಉದಾಸೀನರು. 'ಐದು ತೆಂಗಿನಕಾಯಿ ಇದೆ' ಎಂದುಬಿಡುತ್ತೇವೆ. 'ತೆಂಗಿನಕಾಯಿಗಳಿವೆ' ಎನ್ನುವುದು ಪುಸ್ತಕದಲ್ಲಿ. ಆದರೆ ಡಾಕ್ಟರು ಒಬ್ಬರೇ ಬಂದರೂ 'ಬಂದರು'. ಎಣಿಸುವ ಪ್ರತ್ಯಯವೇ ಗೌರವದ ಕೆಲಸಕ್ಕೂ ನಿಂತಿದೆ. ಆ 'ರು' ಬಂದೊಡನೆ ಡಾಕ್ಟರು ಹೆಣ್ಣೋ ಗಂಡೋ ಎಂಬುದೂ ಮರೆಯಾಗುತ್ತದೆ. ಇದನ್ನು ನಾನು ಒಳ್ಳೆಯದೆಂದೇ ಎಣಿಸುತ್ತೇನೆ.

ನನ್ನ ತಕರಾರು ಅದನ್ನು ಹಂಚುವ ರೀತಿಯ ಮೇಲೆ. ಎಷ್ಟೋ ಮನೆಗಳಲ್ಲಿ ಅಪ್ಪ 'ಬಂದರು', ಅಮ್ಮ 'ಬಂದಳು'. ಮನೆಗೆಲಸದಾಕೆಗೆ ಎಪ್ಪತ್ತು ದಾಟಿದ್ದರೂ 'ಬಂದಳು'. ಅಮ್ಮನಿಗೆ ಏಕವಚನ ಸಲಿಗೆಯದು, ದೇವರನ್ನೂ 'ಬಾ' ಎಂದು ಕರೆಯುವುದಿಲ್ಲವೇ ಎಂದು ಸಮಾಧಾನ ಹೇಳುವವರಿದ್ದಾರೆ. ಸಲಿಗೆಯೇ ಆದರೆ ಅಪ್ಪನಿಗೂ ಒಂದಿಷ್ಟು ಸಲ್ಲಲಿ. ಇಬ್ಬರಿಗೂ ಏಕವಚನವೇ ಸಲ್ಲುವ ಮನೆಗಳೂ ಇವೆ, ಅವರೊಡನೆ ನನ್ನ ಜಗಳವಿಲ್ಲ.

ಝಾಮೆನ್‌ಹೋಫ್ ಅವರ ಕ್ರಿಯಾಪದದಲ್ಲಿ ಈ ಪಂಕ್ತಿಭೇದಕ್ಕೆ ಎಡೆಯೇ ಇಲ್ಲ. ಆದರೂ ನಾನು 'ರು' ಬಿಡಲಾರೆ. ಬಿಟ್ಟರೆ ಅಮ್ಮನಿಗೆ ಕೊಡುವುದೇನನ್ನು? ಮಕ್ಕಳ ಪ್ರಬಂಧಗಳಲ್ಲಿ ಪ್ರತಿ ವರ್ಷ ತಂದೆಯವರು ಕೆಲಸ ಮುಗಿಸಿ ಬರುತ್ತಾರೆ, ತಾಯಿ ಕಾಫಿ ಕೊಡುತ್ತಾಳೆ. ವ್ಯಾಕರಣದ ತಪ್ಪಿಲ್ಲ. 'ಳೆ'ಯ ಮೇಲೆ ಕೆಂಪು ಶಾಯಿಯಲ್ಲಿ 'ರೆ' ಎಂದು ಬರೆಯುತ್ತೇನೆ, ಅಂಕ ಕಳೆಯುವುದಿಲ್ಲ.